ಅರಸುವುದನ್ನು ಬಿಟ್ಟ ತರುಣರು

ಕೆಲಸವಿಲ್ಲದವರೆಲ್ಲರೂ ನಿರುದ್ಯೋಗಿಗಳೆಂದು ನಾವು ಭಾವಿಸುವುದುಂಟು. ಲೆಕ್ಕದವರ ಮಾತು ಬೇರೆ. ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಪರಿಭಾಷೆಯಂತೆ, ಕೆಲಸವಿಲ್ಲದೆ, ಕೆಲಸಕ್ಕೆ ಸಿದ್ಧನಾಗಿದ್ದು, ಅದನ್ನು ಅರಸುತ್ತಲೂ ಇರುವವನೇ ನಿರುದ್ಯೋಗಿ. ಅರಸಿ ಅರಸಿ ಬೇಸತ್ತು ಮನೆಯಲ್ಲಿ ಕುಳಿತವನು ಆ ಎಣಿಕೆಗೆ ಸೇರುವುದಿಲ್ಲ. ತರುಣಿಯಾದರೆ, ಮನೆಗೆಲಸದಲ್ಲಿದ್ದಾಳೆ ಎಂದರೆ ಮುಗಿಯಿತು. ಯಾರಿಗೆ ನೆರವು ಹೆಚ್ಚು ಬೇಕೋ ಅವರೇ ಲೆಕ್ಕದಿಂದ ಜಾರಿಹೋಗುತ್ತಾರೆ.

ಇಂತಹವರನ್ನು ಸೋಮಾರಿಗಳೆಂದು ಜರೆಯುವುದು ಸುಲಭ. ಆಸ್ಟ್ರಿಯ ದೇಶದ ಮಾರಿಯೆಂತಾಲ್ ಎಂಬ ಊರಿನಲ್ಲಿ ಬಟ್ಟೆಯ ಗಿರಣಿ ಮುಚ್ಚಿದ ಮೇಲೆ ವಿದ್ವಾಂಸರು ಅಲ್ಲಿಯ ಜನಜೀವನವನ್ನು ಪರಿಶೀಲಿಸಿ 1933ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಜನರಿಗೆ ಬಿಡುವು ಬೇಕಾದಷ್ಟಿತ್ತು; ಪುಸ್ತಕಾಲಯದ ಶುಲ್ಕವನ್ನೂ ತೆಗೆದಿದ್ದರು; ಆದರೂ ಪುಸ್ತಕ ಒಯ್ಯುವುದು ಕಡಿಮೆಯಾಯಿತು. ಕೆಲಸದೊಡನೆ ಸಂಬಳ ಮಾತ್ರವಲ್ಲ, ಉತ್ಸಾಹವೂ ಹೋಗುತ್ತದೆಂದು ಇದರಿಂದ ತಿಳಿಯುತ್ತದೆ.

ನಮ್ಮ ನಾಡಿನ ಒಂದು ಸೀಮೆಯನ್ನು ನೋಡೋಣ. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳು ಹುಬ್ಬಳ್ಳಿಯಿಂದ ಬೆಂಗಳೂರಿಗೆ ಬರುವ ಒಂದೇ ರೈಲುದಾರಿಯ ಮೇಲಿವೆ. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯೂ ರಾಣೆಬೆನ್ನೂರಿನ ಬಿತ್ತನೆ ಬೀಜವೂ ಹೆಸರಾದವು. ಹಾವೇರಿ 1997ರಿಂದ ಜಿಲ್ಲಾಕೇಂದ್ರ. ದುಡಿಮೆಯೇ ಇಲ್ಲದ ಸೀಮೆ ಇದಲ್ಲ. ಆದರೆ ಪೇಟೆಯ ದುಡಿಮೆ ಸುಗ್ಗಿಯೊಡನೆ ಏರಿ ಇಳಿಯುತ್ತದೆ. ಪದವಿ ಪಡೆದವರು ಬಯಸುವುದು ವರ್ಷವೆಲ್ಲ ಬರುವ ಸಂಬಳವನ್ನು. ಇವೆರಡನ್ನು ಕೂಡಿಸುವ ಏರ್ಪಾಡು ಬೇಕು.

ಅಂತಹ ಏರ್ಪಾಡೊಂದು ಕನ್ನಡನಾಡಿನಲ್ಲಿಯೇ ಹುಟ್ಟಿತು. 1982ರಲ್ಲಿ ಧರ್ಮಸ್ಥಳದವರೂ ಸಿಂಡಿಕೇಟ್, ಕೆನರಾ ಬ್ಯಾಂಕುಗಳವರೂ ಕೂಡಿ ಉಜಿರೆಯಲ್ಲಿ ರುಡ್‌ಸೆಟ್ ಸಂಸ್ಥೆಯನ್ನು ತೆರೆದರು. ಊಟ ವಸತಿಗಳೊಡನೆ ಉಚಿತವಾದ ಅಲ್ಪಕಾಲದ ತರಬೇತಿ. ಬ್ಯಾಂಕಿನ ಸಾಲಕ್ಕೆ ದಾರಿ. ಅನಂತರ ಎರಡು ವರ್ಷ ಕಲಿತವರ ಯೋಗಕ್ಷೇಮವನ್ನು ವಿಚಾರಿಸುವುದು, ಇದು ಅದರ ಕ್ರಮ. ಇದನ್ನೇ ಅನುಸರಿಸಿ ಭಾರತ ಸರ್ಕಾರವು ಜಿಲ್ಲೆಗೊಂದು ತರಬೇತಿ ಸಂಸ್ಥೆಯ ಯೋಜನೆಯನ್ನು ಕೈಗೊಂಡಿತು. ಈ ಕ್ರಮದ ಜೀವಾಳ ಕೊನೆಯ ಅಂಗದಲ್ಲಿದೆ. ಕಸಬು ಕೆಲವು ವಾರಗಳಲ್ಲಿ ಬರಬಹುದು. ಮೊದಲ ನಷ್ಟ ತಗುಲಿದಾಗ ಹಳೆಯ ನಿರಾಶೆ ಮರಳಿ ಬರುತ್ತದೆ. ಆಗ ಬಂದು ಕೇಳುವವರೊಬ್ಬರು ಬೇಕು.

ಕರ್ನಾಟಕ ಸರ್ಕಾರವು 2024ರ ಜನವರಿ 12ರಂದು ಚಾಲನೆ ಕೊಟ್ಟ ಯುವನಿಧಿಯು, ನಿರುದ್ಯೋಗಿಗಳಾದ ಪದವೀಧರರಿಗೆ ತಿಂಗಳಿಗೆ 3000 ರೂಪಾಯಿಗಳನ್ನೂ ಡಿಪ್ಲೊಮಾ ಪಡೆದವರಿಗೆ 1500 ರೂಪಾಯಿಗಳನ್ನೂ ಹೆಚ್ಚೆಂದರೆ ಎರಡು ವರ್ಷ ಕೊಡುವಂತೆ ಗೊತ್ತುಮಾಡಿತು. ಸಂದರ್ಶನಕ್ಕೆಂದು ಬೆಂಗಳೂರಿಗೆ ಹೋಗುವ ರೈಲಿನ ಖರ್ಚು ಇಂತಹ ಹಣದಿಂದ ಒದಗೀತು. ಹೊರಡುವ ಮನಸ್ಸನ್ನು ಹಣವೊಂದೇ ತಂದುಕೊಡಲಾರದು.

ಕಚೇರಿಯ ಬಾಗಿಲನ್ನು ತೆರೆದು ಕಾದರೆ ಬರುವವರು ಇನ್ನೂ ಆಸೆಯುಳ್ಳವರು. ಆಸೆ ಬಿಟ್ಟವರ ಬಳಿಗೆ ನಾವೇ ಹೋಗಬೇಕು. ತೇರ್ಗಡೆಯಾದವರ ಹೆಸರೂ ವಿಳಾಸವೂ ನಮ್ಮ ಕಾಲೇಜುಗಳ ಕಡತಗಳಲ್ಲಿವೆ. ಪರೀಕ್ಷೆ ಮುಗಿದ ಆರು ತಿಂಗಳಿಗೆ ಅಧ್ಯಾಪಕರೊಬ್ಬರು ಅವರನ್ನು ವಿಚಾರಿಸಿ, ಕೆಲಸ ದೊರೆಯದವರನ್ನು ಜಿಲ್ಲೆಯ ತರಬೇತಿ ಸಂಸ್ಥೆಗೆ ತಾವೇ ಪರಿಚಯಮಾಡಿಕೊಡುವುದು ಹೆಚ್ಚು ವೆಚ್ಚದ ಕಾರ್ಯವಲ್ಲ. ಅದನ್ನು ಈ ವರ್ಷವೇ ಮೊದಲುಮಾಡಬಹುದು.