ಹಳೆಯ ಜೀಪಿನ ಹಿಂದಿನ ಆಕ್ಸಲ್: ಎಣ್ಣೆ ಮತ್ತೆ ಮತ್ತೆ ಸೋರುವುದೇಕೆ?



ತಾಳವಾಡಿ ಸೀಮೆಯಿಂದ ಎಲೆಕೋಸು, ಆಲೂಗಡ್ಡೆ ಹೇರಿಕೊಂಡು ಸತ್ಯಮಂಗಲಕ್ಕೆ ಹೊರಟ ಗಾಡಿ ದಿಂಬಂ ಘಾಟಿಯ 27 ತಿರುವುಗಳನ್ನು ಇಳಿಯಲೇಬೇಕು. ಹಳೆಯ ಫೋರ್-ವೀಲ್ ಜೀಪು ಇರುವ ಮನೆಗಳಲ್ಲಿ ಅದೇ ಸರಕಿನ ಗಾಡಿ, ಅದೇ ರೋಗಿಯನ್ನು ಆಸ್ಪತ್ರೆಗೆ ಒಯ್ಯುವ ಗಾಡಿ. ಇಂಥ ಜೀಪಿನ ಹಿಂಚಕ್ರದ ಒಳಬದಿ ಎಣ್ಣೆಯಿಂದ ಒದ್ದೆಯಾಗಿದ್ದರೆ ಹಲವರು ‘ಹಳೆಯ ಗಾಡಿ, ಸ್ವಲ್ಪ ಸೋರುತ್ತದೆ’ ಎಂದು ಸುಮ್ಮನಾಗುತ್ತಾರೆ. ಆದರೆ ಆ ಎಣ್ಣೆ ಬ್ರೇಕ್ ಡ್ರಮ್ಮಿನೊಳಗೆ ಹೋದರೆ ಲೈನಿಂಗ್ ಹಿಡಿಯುವುದಿಲ್ಲ. ಒಣಗಿರುವ ಚಕ್ರ ಮಾತ್ರ ಹಿಡಿದು ಗಾಡಿ ಒಂದು ಪಕ್ಕಕ್ಕೆ ಎಳೆಯುತ್ತದೆ. ಇಳಿಜಾರಿನಲ್ಲಿ ಇದು ಪ್ರಾಣಕ್ಕೇ ಅಪಾಯ.

ಇನ್ನು ಕೆಲವರು ಆಯಿಲ್ ಸೀಲ್ ಬದಲಾಯಿಸುತ್ತಾರೆ. ಎರಡು ತಿಂಗಳಲ್ಲಿ ಪುನಃ ಸೋರುತ್ತದೆ, ಪುನಃ ಬದಲಾಯಿಸುತ್ತಾರೆ. ಇದು ಜ್ವರದ ಕಾರಣ ತಿಳಿಯದೆ ಮಾತ್ರೆ ನುಂಗಿದಂತೆ. ಸೀಲ್ ಹಾಳಾಗುವುದು ರೋಗದ ಲಕ್ಷಣ. ರೋಗ ಬೇರೆಡೆ ಇರುತ್ತದೆ. ಅದನ್ನು ಕಂಡುಹಿಡಿಯುವ ಕ್ರಮವನ್ನು ಇಲ್ಲಿ ತಿಳಿಸಲಾಗಿದೆ.

ಸೋರುವುದು ಯಾವ ಎಣ್ಣೆ?

ಚಕ್ರದ ಬಳಿ ಒದ್ದೆಯಾದದ್ದೆಲ್ಲ ಆಕ್ಸಲ್ ಎಣ್ಣೆಯಲ್ಲ. ಬ್ರೇಕಿನ ವೀಲ್ ಸಿಲಿಂಡರ್ ಸೋರಿದರೂ ಅಲ್ಲೇ ಒದ್ದೆಯಾಗುತ್ತದೆ. ಒಂದು ಲೋಟ ನೀರಿಗೆ ಎರಡು ಹನಿ ಹಾಕಿ ನೋಡಿ. ಸಾಮಾನ್ಯ ಬ್ರೇಕ್ ಎಣ್ಣೆ ನೀರಿನಲ್ಲಿ ಕರಗುತ್ತದೆ. ಗೇರ್ ಎಣ್ಣೆ ತೇಲುತ್ತದೆ. ದಪ್ಪಗಿದ್ದು ಗಂಧಕದಂಥ ಕಟುವಾಸನೆ ಇರುತ್ತದೆ. ಬ್ರೇಕ್ ಎಣ್ಣೆ ಎಂದು ತಿಳಿದರೆ ರಿಪೇರಿಯಾಗುವವರೆಗೆ ಗಾಡಿ ಓಡಿಸಬೇಡಿ.

ಸೋರುವುದು ಎಲ್ಲಿಂದ?

ಆಕ್ಸಲನ್ನು ಸೀಮೆಎಣ್ಣೆ ಅಥವಾ ಡೀಸೆಲಿನಿಂದ ತೊಳೆದು, ಬಟ್ಟೆಯಿಂದ ಒರೆಸಿ ಒಣಗಿಸಿ. ಸೀಮೆಸುಣ್ಣದ ಪುಡಿ ಉದುರಿಸಿ ಹತ್ತು-ಹದಿನೈದು ಕಿಲೋಮೀಟರ್ ಓಡಿಸಿ ಬನ್ನಿ. ಓಡುವಾಗ ಗಾಳಿ ಎಣ್ಣೆಯನ್ನು ಹಿಂದಕ್ಕೆ ತಳ್ಳುವುದರಿಂದ, ಒದ್ದೆಯಾದ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿನ ಹಾಗೂ ಮುಂದಿನ ಜಾಗವೇ ಸೋರಿಕೆಯ ಮೂಲ ಎಂದು ತಿಳಿಯಿರಿ. ಅದು ಪ್ರೊಪೆಲ್ಲರ್ ಶಾಫ್ಟ್ ಬಂದು ಸೇರುವ ಪಿನಿಯನ್ ಸೀಲ್, ಹಿಂದಿನ ಮುಚ್ಚಳದ ಪ್ಯಾಕಿಂಗ್, ಎಣ್ಣೆಯ ಬಿರಡೆ, ಇಲ್ಲವೇ ಚಕ್ರದ ಬಳಿಯ ಸೀಲ್ ಆಗಿರಬಹುದು.

ಕಾರಣ ಏನು?

ಖರ್ಚಿಲ್ಲದ್ದನ್ನು ಮೊದಲು ನೋಡಬೇಕು.

1. ಬ್ರೀದರ್: ಆಕ್ಸಲ್ ಹೌಸಿಂಗಿನ ಮೇಲೆ ಗಾಳಿ ಆಡಲು ಒಂದು ಚಿಕ್ಕ ರಂಧ್ರವಿರುತ್ತದೆ. ಕೆಸರು ಕಟ್ಟಿ ಅದು ಮುಚ್ಚಿದರೆ ಒಳಗಿನ ಗಾಳಿಗೆ ದಾರಿಯಿಲ್ಲ. 30 ಡಿಗ್ರಿಯಲ್ಲಿದ್ದ ಗಾಳಿ 90 ಡಿಗ್ರಿಗೆ ಕಾದರೆ ಅದರ ಒತ್ತಡ ಸುಮಾರು ಐದನೇ ಒಂದು ಭಾಗ ಹೆಚ್ಚುತ್ತದೆ. ಈ ಒತ್ತಡ ಹೊಸ ಸೀಲಿನ ಅಂಚಿನಿಂದಲೂ ಎಣ್ಣೆಯನ್ನು ಹೊರದೂಡುತ್ತದೆ. ಎರಡು ಚಕ್ರ, ಪಿನಿಯನ್ ಎಲ್ಲವೂ ಒಟ್ಟಿಗೆ ಸೋರಿದರೆ ಮೊದಲು ಬ್ರೀದರನ್ನೇ ಶಂಕಿಸಿ. ಬಿಚ್ಚಿ, ತೊಳೆದು, ಊದಿ ನೋಡಿ. ಬಿಸಿ ಆಕ್ಸಲ್ ಹಳ್ಳದ ನೀರಿಗೆ ಇಳಿದು ತಣಿದಾಗ ಇದೇ ದೋಷದಿಂದ ಸೀಲಿನ ಮೂಲಕ ನೀರು ಒಳಗೆ ಎಳೆಯಲ್ಪಡುತ್ತದೆ. ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ಪೂರ್ತಿ ಬದಲಾಯಿಸಬೇಕು.

2. ಎಣ್ಣೆಯ ಮಟ್ಟ: ಸಮನೆಲದಲ್ಲಿ ನಿಲ್ಲಿಸಿದಾಗ ತುಂಬುವ ರಂಧ್ರದ ಕೆಳ ಅಂಚಿನವರೆಗೆ ಇದ್ದರೆ ಸಾಕು. ಇಳಿಜಾರಿನಲ್ಲಿ ನಿಲ್ಲಿಸಿ ತುಂಬಿದರೆ ಮಟ್ಟ ತಪ್ಪುತ್ತದೆ. ಕೈಪಿಡಿ ಹೇಳಿದ ದರ್ಜೆಯ ಎಣ್ಣೆಯನ್ನೇ ಹಾಕಿ.

3. ಬೇರಿಂಗಿನ ಆಟ: ಬಹುಪಾಲು ಹಳೆಯ ಜೀಪುಗಳಲ್ಲಿ ಹಿಂಚಕ್ರದ ಭಾರವನ್ನು ಆಕ್ಸಲ್ ಶಾಫ್ಟೇ ಹೊರುತ್ತದೆ. ಬೇರಿಂಗ್ ಸವೆದರೆ ಶಾಫ್ಟ್ ಅಲುಗಾಡಿ ಸೀಲಿನ ರಬ್ಬರನ್ನು ಒಂದು ಕಡೆಗೆ ಒತ್ತುತ್ತದೆ. ಎಷ್ಟು ಸೀಲ್ ಹಾಕಿದರೂ ಉಳಿಯುವುದಿಲ್ಲ. ಚಕ್ರವನ್ನು ಜಾಕಿಯಿಂದ ಎತ್ತಿ, ಟೈರನ್ನು ಮೇಲೆ-ಕೆಳಗೆ ಹಿಡಿದು ಅಲುಗಾಡಿಸಿ. ಒಳಕ್ಕೆ-ಹೊರಕ್ಕೆ ಎಳೆದು ನೋಡಿ. ಕೈಗೆ ತಿಳಿದೂ ತಿಳಿಯದಷ್ಟು ಆಟ ಇರಬಹುದು. ಟಕ್ ಟಕ್ ಎಂದರೆ ಬೇರಿಂಗ್ ಬಿಚ್ಚಿಸಿ ನೋಡಿಸಿ. ಶಿಮ್ ಇರುವ ಆಕ್ಸಲಿನಲ್ಲಿ ಅವನ್ನು ಅಳೆದೇ ಹಾಕಬೇಕು. ಪಿನಿಯನ್ ಬಳಿ ಸೋರಿದರೆ ಅಲ್ಲಿನ ಫ್ಲಾಂಜನ್ನೂ ಹೀಗೆಯೇ ಅಲುಗಾಡಿಸಿ ನೋಡಿ.

4. ಶಾಫ್ಟಿನ ಗೀರು: ಸೀಲ್ ಕೂರುವ ಜಾಗದಲ್ಲಿ ಉಗುರು ಎಳೆಯಿರಿ. ಉಗುರು ಸಿಕ್ಕಿಕೊಂಡರೆ ಅಲ್ಲಿ ಗಾಡಿ ಬಿದ್ದಿದೆ ಎಂದರ್ಥ. ಹೊಸ ಸೀಲ್ ನಿಲ್ಲದು. ತೆಳ್ಳನೆಯ ಸ್ಲೀವ್ ಹಾಕಿಸಬೇಕು, ಇಲ್ಲವೇ ಶಾಫ್ಟ್ ಬದಲಾಯಿಸಬೇಕು.

5. ಬಾಗಿದ ಹೌಸಿಂಗ್: ಮಿತಿಮೀರಿ ಸರಕು ಹೇರಿದರೆ ಹೌಸಿಂಗ್ ಬಾಗಬಹುದು. ಆಗ ಶಾಫ್ಟ್ ಸೀಲಿನ ಮಧ್ಯದಲ್ಲಿ ತಿರುಗುವುದಿಲ್ಲ. ಬೇರಿಂಗ್, ಶಾಫ್ಟ್ ಎರಡೂ ಸರಿಯಿದ್ದು ಒಂದೇ ಪಕ್ಕ ಸೋರುತ್ತಿದ್ದರೆ ಇದನ್ನೂ ಪರೀಕ್ಷಿಸಲು ಹೇಳಿ.

ಆರೋಗ್ಯದ ಎಚ್ಚರ

ಕೆಲವು ಹಳೆಯ ಜೀಪುಗಳ ಹ್ಯಾಂಡ್ ಬ್ರೇಕ್ ಚಕ್ರಗಳಿಗಲ್ಲ, ಪ್ರೊಪೆಲ್ಲರ್ ಶಾಫ್ಟಿಗೆ ಹಿಡಿಯುತ್ತದೆ. ಹಿಂದಿನ ಒಂದು ಚಕ್ರ ಎತ್ತಿದ ಕೂಡಲೇ ಡಿಫರೆನ್ಷಿಯಲ್ ಕಾರಣದಿಂದ ಆ ಬ್ರೇಕ್ ಗಾಡಿಯನ್ನು ತಡೆಯುವುದಿಲ್ಲ. ಆದುದರಿಂದ ಸಮನೆಲದಲ್ಲಿ ನಿಲ್ಲಿಸಿ, ನೆಲದ ಮೇಲಿರುವ ಚಕ್ರಗಳಿಗೆ ಎರಡೂ ಕಡೆ ಕಲ್ಲು ಕೊಟ್ಟು, ಆಕ್ಸಲಿನ ಕೆಳಗೆ ಗಟ್ಟಿ ಸ್ಟ್ಯಾಂಡ್ ಇಟ್ಟೇ ಕೆಲಸ ಮಾಡಿ. ಬರೀ ಜಾಕಿಯನ್ನು ನಂಬಿ ಕೆಳಗೆ ನುಸುಳಬೇಡಿ.

ಹಳೆಯ ಬ್ರೇಕ್ ಲೈನಿಂಗುಗಳಲ್ಲಿ ಆಸ್ಬೆಸ್ಟಾಸ್ ಇರಬಹುದು. ಅದರ ಧೂಳು ಶ್ವಾಸಕೋಶದ ಕ್ಯಾನ್ಸರಿಗೂ ಕಾರಣವಾಗಬಲ್ಲದು. ಡ್ರಮ್ಮಿನ ಧೂಳನ್ನು ಬಾಯಿಂದಾಗಲಿ ಗಾಳಿ ಪಂಪಿನಿಂದಾಗಲಿ ಊದಬೇಡಿ; ಒದ್ದೆ ಬಟ್ಟೆಯಿಂದ ಒರೆಸಿ. ಮಕ್ಕಳನ್ನು ದೂರವಿಡಿ. ಎಣ್ಣೆ ಕುಡಿದ ಲೈನಿಂಗನ್ನು ಪೆಟ್ರೋಲಿನಲ್ಲಿ ತೊಳೆದು ಪುನಃ ಹಾಕುವುದು ಬೇಡ; ಬಿಸಿಯಾದಾಗ ಒಳಗಿನ ಎಣ್ಣೆ ಮತ್ತೆ ಹೊರಬರುತ್ತದೆ. ಎರಡೂ ಹಿಂಚಕ್ರಗಳಿಗೆ ಒಟ್ಟಿಗೆ ಹೊಸ ಲೈನಿಂಗ್ ಹಾಕಿಸಿ. ಹಳೆಯ ಎಣ್ಣೆಯನ್ನು ಹೊಲಕ್ಕೆ, ಬಾವಿಯ ಬಳಿ ಚೆಲ್ಲದೆ ಡಬ್ಬದಲ್ಲಿ ಕೂಡಿಟ್ಟು ಹಳೆ ಎಣ್ಣೆ ಕೊಳ್ಳುವವರಿಗೆ ಕೊಡಿ.

ಮೆಕ್ಯಾನಿಕ್ ಬಳಿ ಹೋದಾಗ ‘ಸೀಲ್ ಹಾಕಿ’ ಎನ್ನುವ ಬದಲು ‘ಸೀಲ್ ಯಾಕೆ ಹೋಯಿತು, ನೋಡಿ ಹೇಳಿ’ ಎಂದು ಕೇಳಿರಿ. ಬ್ರೀದರ್, ಬೇರಿಂಗ್, ಶಾಫ್ಟ್ ಮೂರನ್ನೂ ನಿಮ್ಮ ಕಣ್ಣೆದುರೇ ಪರೀಕ್ಷಿಸಲಿ. ಮಳೆಗಾಲ ಆರಂಭವಾಗುವ ಮೊದಲೇ ಈ ಕೆಲಸ ಮುಗಿಸಿಕೊಳ್ಳುವುದು ಒಳ್ಳೆಯದು.