ಲೂರ್ದು ಮಾತೆಯ ಹಬ್ಬ: ಊದಿದ ಕಾಲನ್ನು ಕಡೆಗಣಿಸದಿರೋಣ

ಫೆಬ್ರವರಿ 11ರ ಲೂರ್ದು ಮಾತೆಯ ಹಬ್ಬವನ್ನು ವಿಶ್ವ ರೋಗಿಗಳ ದಿನವೆಂದು 1992ರಲ್ಲಿ ಘೋಷಿಸಿದವರು ಪೋಪ್ ಎರಡನೇ ಜಾನ್ ಪಾಲರು. ಕಾಲುನೋವೆಂದು ಮನೆಯ ಮೂಲೆಯಲ್ಲಿ ಕುಳಿತವರನ್ನೂ ನಾವು ಈ ದಿನ ನೆನೆಯೋಣ.

ಶಸ್ತ್ರಚಿಕಿತ್ಸೆ, ಹೆರಿಗೆ ಅಥವಾ ಬಹುದಿನ ಹಾಸಿಗೆ ಹಿಡಿದ ಬಳಿಕ ಕಾಲಿನ ಆಳದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದು. ಸಾಮಾನ್ಯವಾಗಿ ಒಂದೇ ಕಾಲು ಊದಿ ನೋಯುತ್ತದೆ. ಹೆಪ್ಪು ಕಳಚಿ ಶ್ವಾಸಕೋಶ ಸೇರಿದರೆ ಪ್ರಾಣಕ್ಕೇ ಅಪಾಯ. ಆದ್ದರಿಂದ ಎಣ್ಣೆ ಹಚ್ಚಿ ತಿಕ್ಕದೆ, ಕೂಡಲೇ ವೈದ್ಯರಿಗೆ ತೋರಿಸಬೇಕು.

ಹೆಪ್ಪು ಬೆಳೆಯದಂತೆ ತಡೆಯುವ ಔಷಧವೇ ಮೊದಲ ಚಿಕಿತ್ಸೆ. ಆದರೂ ನಾಳದ ಕವಾಟಗಳು ಹಾಳಾಗಿ, ಹಲವರಿಗೆ ವರ್ಷಗಟ್ಟಲೆ ಊತ, ಭಾರ, ಕೆಲವರಿಗೆ ಹುಣ್ಣು ಉಳಿಯುತ್ತವೆ. ಆಯ್ದ ರೋಗಿಗಳಿಗೆ ದೊಡ್ಡ ಗಾಯ ಮಾಡದೆ, ಸಣ್ಣ ರಂಧ್ರದಿಂದ ತೆಳು ನಳಿಕೆ ತೂರಿಸಿ ಹೆಪ್ಪನ್ನು ಕರಗಿಸುವುದುಂಟು, ಹೊರತೆಗೆಯುವುದೂ ಉಂಟು. ಇದು ಎಲ್ಲರಿಗೂ ಅಲ್ಲ. ಅಮೆರಿಕದಲ್ಲಿ 692 ರೋಗಿಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದೀರ್ಘಕಾಲದ ತೊಂದರೆಗೊಳಗಾದವರ ಸಂಖ್ಯೆ ಇದರಿಂದ ಇಳಿಯಲಿಲ್ಲ, ತೊಂದರೆಯ ತೀವ್ರತೆ ಮಾತ್ರ ತಗ್ಗಿತು. ರಕ್ತಸ್ರಾವದ ಅಪಾಯವೂ ಹೆಚ್ಚಿತು. ಆದ್ದರಿಂದ ವೈದ್ಯರೊಡನೆ ಕುಳಿತು ವಿಚಾರಿಸಿಯೇ ನಿರ್ಧರಿಸಬೇಕು.

ದೇವಾಲಯದ ಸುಂದರ ದ್ವಾರದ ಬಳಿ ನಡೆಯಲಾರದವನನ್ನು ಪೇತ್ರರು ಕೈಹಿಡಿದು ಎಬ್ಬಿಸಿದರು. ನಾವೂ ಪ್ರಾರ್ಥನೆಯೊಡನೆ ನಮ್ಮ ಮನೆಯ ರೋಗಿಯ ಕೈಹಿಡಿಯೋಣ; ಅವರ ಮಾತ್ರೆ ತಪ್ಪದಂತೆ ನೋಡಿಕೊಳ್ಳೋಣ. ಆಮೆನ್.