ಕಸದ ಗುಡ್ಡದ ಉಸಿರು

1776ರಲ್ಲಿ ಇಟಲಿಯ ವಿಜ್ಞಾನಿ ಅಲೆಸ್ಸಾಂಡ್ರೋ ವೋಲ್ಟಾ ಮಜ್ಜೋರೆ ಸರೋವರದ ಅಂಚಿನ ಕೆಸರನ್ನು ಕೋಲಿನಿಂದ ಕಲಕಿ, ಮೇಲೆದ್ದ ಗುಳ್ಳೆಗಳನ್ನು ಪಾತ್ರೆಯಲ್ಲಿ ಹಿಡಿದನು. ಆ ಅನಿಲಕ್ಕೆ ಉರಿ ತಗುಲಿಸಲು ಅದು ನೀಲಿ ಜ್ವಾಲೆಯಾಗಿ ಉರಿಯಿತು. ಅದೇ ಮೀಥೇನ್. ಅಂದು ಕೆಸರಿನಲ್ಲಿ ಕಂಡ ಈ ಅನಿಲವು ಇಂದು ನಮ್ಮ ನಗರಗಳ ಕಸದ ಗುಡ್ಡಗಳಿಂದಲೂ ಹಗಲಿರುಳು ಹೊಮ್ಮುತ್ತಿದೆ.

ಇದು ಹುಟ್ಟುವ ಬಗೆ ಹೇಗೆ? ಹಳ್ಳಿಯ ತಿಪ್ಪೆಯ ಮೇಲ್ಪದರದಲ್ಲಿ ಗಾಳಿಯಾಡುತ್ತದೆ. ಅಲ್ಲಿನ ಜೀವಾಣುಗಳು ಆಮ್ಲಜನಕವನ್ನು ಬಳಸಿ ಎಲೆ, ಸಿಪ್ಪೆಗಳನ್ನು ಗೊಬ್ಬರವಾಗಿ ಮಾರ್ಪಡಿಸುತ್ತವೆ. ನಗರದ ಕಸವಾದರೋ ಹತ್ತಾರು ಮೀಟರು ಎತ್ತರಕ್ಕೆ ಒತ್ತೊತ್ತಾಗಿ ಬೀಳುತ್ತದೆ. ಒಳಕ್ಕೆ ಗಾಳಿ ನುಸುಳದು. ಆಗ ಆಮ್ಲಜನಕವನ್ನು ಒಲ್ಲದ ಬೇರೊಂದು ವರ್ಗದ ಜೀವಾಣುಗಳು ಕೆಲಸಕ್ಕೆ ತೊಡಗುತ್ತವೆ. ಇವು ಒಂದು ಗ್ಲೂಕೋಸ್ ಅಣುವನ್ನು ಪೂರ್ತಿಯಾಗಿ ಒಡೆದರೆ 3 ಅಣು ಮೀಥೇನೂ 3 ಅಣು ಇಂಗಾಲದ ಡೈಆಕ್ಸೈಡೂ ದೊರೆಯುತ್ತವೆ. ಗೋಬರ್ ಅನಿಲದ ತೊಟ್ಟಿಯಲ್ಲಿ ನಡೆಯುವುದೂ ಇದೇ ಕ್ರಿಯೆ. ತೊಟ್ಟಿಯ ಅನಿಲ ಒಲೆಗೆ ಹೋಗುತ್ತದೆ; ಗುಡ್ಡದ್ದು ಆಕಾಶಕ್ಕೆ.

ಗಾಳಿಯಲ್ಲಿ ಶೇಕಡಾ 5ರಿಂದ 15ರವರೆಗೆ ಬೆರೆತ ಮೀಥೇನ್ ಕಿಡಿ ತಗುಲಿದೊಡನೆ ಸ್ಫೋಟಿಸಬಲ್ಲುದು. 1986ರಲ್ಲಿ ಇಂಗ್ಲೆಂಡಿನ ಲಾಸ್ಕೋ ಗ್ರಾಮದಲ್ಲಿ, ಕಸ ತುಂಬಿದ ಹಳ್ಳದಿಂದ ನೆಲದೊಳಗೇ ಹರಿದುಬಂದ ಅನಿಲವು ಒಂದು ಮನೆಯನ್ನು ನೆಲಸಮ ಮಾಡಿತು. ಇದಕ್ಕಿಂತ ವ್ಯಾಪಕವಾದುದು ಭೂಮಿಯ ಹವೆಗೆ ಒದಗುವ ಕೇಡು. ತೂಕಕ್ಕೆ ತೂಕ ಹೋಲಿಸಿದರೆ, 20 ವರ್ಷಗಳ ಅವಧಿಯಲ್ಲಿ ಮೀಥೇನ್ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 80 ಪಟ್ಟು ಹೆಚ್ಚು ಶಾಖವನ್ನು ಹಿಡಿದಿಡುತ್ತದೆ. ಆದರೆ ವಾಯುಮಂಡಲದಲ್ಲಿ ಅದರ ಆಯುಸ್ಸು ಸುಮಾರು 12 ವರ್ಷ ಮಾತ್ರ. ಆದುದರಿಂದ ಈಗ ಅದನ್ನು ತಡೆದರೆ, ಫಲವನ್ನು ಇಂದಿನ ವಿದ್ಯಾರ್ಥಿಗಳೇ ತಮ್ಮ ಬಾಳಿನಲ್ಲಿ ಕಾಣಬಹುದು.

ಬೆಂಗಳೂರಿನ ಕಸವನ್ನು ಹೊತ್ತ ಮಂಡೂರಿನ ಜನ 2014ರಲ್ಲಿ ಪ್ರತಿಭಟಿಸಿದರು. ಆ ವರ್ಷದ ಕೊನೆಗೆ ಅಲ್ಲಿ ಕಸ ಸುರಿಯುವುದು ನಿಂತಿತು. ಆದರೆ ಸುರಿಯುವುದು ನಿಂತಮಾತ್ರಕ್ಕೆ ಅನಿಲ ನಿಲ್ಲುವುದಿಲ್ಲ. ಹೂತ ಕಸವು ದಶಕಗಳ ಕಾಲ ಅದನ್ನು ಸೂಸಬಲ್ಲುದು. ಇಂಥ ಹಳೆಯ ಗುಡ್ಡಗಳಲ್ಲಿ ರಂಧ್ರವುಳ್ಳ ಕೊಳವೆಗಳನ್ನು ಇಳಿಸಿ, ಅನಿಲವನ್ನು ಹೀರಿ, ಉರಿಸಿ ವಿದ್ಯುತ್ತನ್ನು ಪಡೆಯಬಹುದು. ಅನಿಲ ವಿರಳವಾದಲ್ಲಿ ಗುಡ್ಡದ ಮೇಲೆ ಮಾಗಿದ ಗೊಬ್ಬರದ ಹೊದಿಕೆಯನ್ನು ಹರಡುತ್ತಾರೆ. ಅದರಲ್ಲಿ ನೆಲೆಸುವ ಕೆಲವು ಜೀವಾಣುಗಳಿಗೆ ಮೀಥೇನೇ ಆಹಾರ.

ಇವೆಲ್ಲವೂ ಹಳೆಯ ಕಸಕ್ಕೆ ಚಿಕಿತ್ಸೆ. ಹೊಸ ಕಸಕ್ಕೆ ಮದ್ದು ಬೇರೆ: ಹಸಿ ಕಸವನ್ನು ಗುಡ್ಡಕ್ಕೆ ಹೋಗಗೊಡದಿರುವುದು. ಇಂದೋರಿನಲ್ಲಿ 2022ರಲ್ಲಿ ದಿನಕ್ಕೆ 550 ಟನ್ ಹಸಿ ಕಸವನ್ನು ಇಂಧನವಾಗಿಸುವ ಸ್ಥಾವರ ಆರಂಭವಾಯಿತು. ಅದರ ಯಂತ್ರಗಳು ಎಷ್ಟೇ ದೊಡ್ಡವಾಗಿರಲಿ, ಮನೆಗಳಲ್ಲಿ ಹಸಿ ಕಸ ಬೇರ್ಪಡದಿದ್ದರೆ ಅವು ನಡೆಯಲಾರವು. ಬಾಳೆಯ ಸಿಪ್ಪೆಯೊಂದು ಒಲೆಗೆ ಉರಿಯಾಗುವುದೋ, ಹೊಲಕ್ಕೆ ಗೊಬ್ಬರವಾಗುವುದೋ, ಆಕಾಶಕ್ಕೆ ಹೊರೆಯಾಗುವುದೋ ಎಂಬುದು ನಿರ್ಧಾರವಾಗುವುದು ಅಡುಗೆಮನೆಯ ಬುಟ್ಟಿಯಲ್ಲಿಯೇ.